‘ರೇಜ಼್’ ಎಂಬ ಇಂಗ್ಲಿಷ್ ಕ್ರಿಯಾಪದ: ಅರ್ಥಭೇದವೂ ಕನ್ನಡದ ಆಯ್ಕೆಯೂ

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರಿಸುವ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸುವವರಿಗೆ ಕಷ್ಟ ಕೊಡುವವು ದೊಡ್ಡ ಶಬ್ದಗಳಲ್ಲ. ದೊಡ್ಡ ಶಬ್ದಕ್ಕೆ ನಿಘಂಟಿನಲ್ಲಿ ಒಂದೋ ಎರಡೋ ಅರ್ಥಗಳಿರುತ್ತವೆ. ಹುಡುಕಿ ಬರೆದರೆ ಕೆಲಸ ಮುಗಿಯಿತು. ತೊಡಕಿರುವುದು ದಿನಬಳಕೆಯ ಚಿಕ್ಕ ಕ್ರಿಯಾಪದಗಳಲ್ಲಿ. ಕೆಲವು ಕಾಲದ ಹಿಂದೆ ನಾವು ಒಂದು ತರಗತಿಗೆ ಫ್ರಾನ್ಸಿನ ಚರಿತ್ರೆಯ ಒಂದು ಪುಟವನ್ನು ಕನ್ನಡಿಸಲು ಕೊಟ್ಟಿದ್ದೆವು. ೧೪೨೯ರ ಮೇ ತಿಂಗಳಿನಲ್ಲಿ, ಜೋನ್ ಆಫ್ ಆರ್ಕ್ ಜೊತೆಗಿದ್ದ ಫ್ರೆಂಚ್ ಸೇನೆಯ ಪರಾಕ್ರಮದಿಂದ, ಇಂಗ್ಲಿಷರು ಆರ್ಲಿಯನ್ಸ್ ನಗರಕ್ಕೆ ಹಾಕಿದ್ದ ಮುತ್ತಿಗೆ ಕೊನೆಗಂಡ ಪ್ರಸಂಗವದು. ಮೂಲದಲ್ಲಿ ಮುತ್ತಿಗೆಗೆ ‘ರೇಜ಼್’ ಎಂಬ ಕ್ರಿಯಾಪದ ಸೇರಿತ್ತು. ಉತ್ತರಗಳನ್ನು ನೋಡಿದಾಗ ಕೆಲವರು ‘ಮುತ್ತಿಗೆಯನ್ನು ಎಬ್ಬಿಸಿದರು’ ಎಂದು ಬರೆದಿದ್ದರು. ಇನ್ನು ಕೆಲವರು ‘ಮುತ್ತಿಗೆ ಹಾಕಿದರು’ ಎಂದಿದ್ದರು. ಒಬ್ಬ ವಿದ್ಯಾರ್ಥಿಯಂತೂ ‘ನಗರವನ್ನು ನೆಲಸಮ ಮಾಡಿದರು’ ಎಂದು ಮುಗಿಸಿಬಿಟ್ಟಿದ್ದ. ಮೂವರೂ ನಿಘಂಟನ್ನು ನೋಡಿದ್ದವರೇ. ತಪ್ಪುಗಳನ್ನು ತಿದ್ದಿ ‘ಮುತ್ತಿಗೆಯನ್ನು ತೆಗೆಸಿದರು’ ಎಂದು ನಾವು ಬರೆದೆವು. ಆಗ ಒಬ್ಬನು ಎದ್ದು ನಿಂತು, ಮೇಲಕ್ಕೆತ್ತು ಎಂಬ ಅರ್ಥದ ಮಾತಿಗೆ ತೆಗೆದುಹಾಕು ಎಂಬ ಅರ್ಥ ಹೇಗೆ ಬಂತೆಂದು ಕೇಳಿದ. ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮುಂದುವರಿಯುವ ಮೊದಲು ಬರಹದ ವಿಷಯವಾಗಿ ಒಂದು ಮಾತು. ಈ ಪದವನ್ನು ಕನ್ನಡದಲ್ಲಿ ‘ರೇಸ್’ ಎಂದು ಬರೆದರೆ ಕುದುರೆಯ ಪಂದ್ಯ ನೆನಪಿಗೆ ಬರುತ್ತದೆ. ‘ರೇಜ್’ ಎಂದರೆ ರೋಷವಾಗುತ್ತದೆ. ಆದಕಾರಣ ಚುಕ್ಕಿಯ ಜಕಾರವನ್ನು ಬಳಸಿ ‘ರೇಜ಼್’ ಎಂದೂ, ಅದರ ಅಕರ್ಮಕ ಸಂಗಾತಿಯಾದ ಏಳು ಎಂಬ ಅರ್ಥದ ಪದವನ್ನು ‘ರೈಜ಼್’ ಎಂದೂ ಬರೆಯುತ್ತೇವೆ. ನೆಲಸಮ ಮಾಡು ಎಂಬ ಅರ್ಥದ ಮತ್ತೊಂದು ಇಂಗ್ಲಿಷ್ ಕ್ರಿಯಾಪದವುಂಟು. ಉಚ್ಚಾರಣೆಯಲ್ಲಿ ಅದು ನಮ್ಮ ಪದದಿಂದ ಎಳ್ಳಷ್ಟೂ ಬೇರೆಯಲ್ಲ, ಕಾಗುಣಿತ ಮಾತ್ರ ಬೇರೆ. ಅದು ಹೆರೆ, ಕೆರೆ ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಫ್ರೆಂಚಿನ ಮೂಲಕ ಬಂದದ್ದು. ಹೀಗಾಗಿ ಕಟ್ಟಡವನ್ನು ಎಬ್ಬಿಸಿದರೂ ಕೆಡವಿದರೂ ಇಂಗ್ಲಿಷಿನವರ ಕಿವಿಗೆ ಒಂದೇ ಸದ್ದು ಬೀಳುತ್ತದೆ. ನಮ್ಮ ಮೂರನೆಯ ವಿದ್ಯಾರ್ಥಿ ಎಡವಿದ್ದು ಇಲ್ಲಿಯೇ.

‘ರೇಜ಼್’ ಪದದ ಅರ್ಥಗಳನ್ನೆಲ್ಲ ಪಟ್ಟಿಮಾಡುವುದು ನಮ್ಮ ಉದ್ದೇಶವಲ್ಲ. ಅದನ್ನು ನಿಘಂಟುಕಾರರು ಮಾಡಿದ್ದಾರೆ. ಆ ಪಟ್ಟಿ ಚದರಿದ ರಾಶಿಯಲ್ಲ, ಒಂದೇ ನೂಲಿನಲ್ಲಿ ಪೋಣಿಸಿದ್ದು ಎಂಬುದನ್ನು ತೋರಿಸಬೇಕೆಂದಿದ್ದೇವೆ. ಆ ನೂಲನ್ನು ಕನ್ನಡ ನಾಲ್ಕೈದು ಎಳೆಗಳಾಗಿ ಬಿಡಿಸುತ್ತದೆ. ಬಿಡಿಸುವಾಗ ಭಾಷಾಂತರಕಾರನು ಮೂಲದವನು ಮಾಡದೆ ಬಿಟ್ಟ ಒಂದು ತೀರ್ಮಾನವನ್ನು ಮಾಡಲೇಬೇಕಾಗುತ್ತದೆ. ಚರಿತ್ರೆಯ ಪುಟದಲ್ಲಿ ಇದು ಅಂಕಗಳ ವಿಷಯ. ಮಿಲ್ಟನ್ನನ ಕಾವ್ಯದಲ್ಲಿ ಅರ್ಥದ ಬುಡವನ್ನೇ ಮುಟ್ಟುವ ವಿಷಯ.

ಈ ಪದ ಇಂಗ್ಲಿಷಿಗೆ ಹುಟ್ಟಿನಿಂದ ಸೇರಿದ್ದಲ್ಲ. ಒಂಬತ್ತನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲಸಿದ ಸ್ಕ್ಯಾಂಡಿನೇವಿಯದ ಜನರ ಭಾಷೆಯಲ್ಲಿ ‘ರೈಸಾ’ ಎಂಬ ಕ್ರಿಯಾಪದವಿತ್ತು. ಅವರಿಂದ ಇಂಗ್ಲಿಷರು ಪಡೆದ ಮಾತುಗಳು ಸಾಮಾನ್ಯವಾದವಲ್ಲ. ಅವರು ಎಂಬರ್ಥದ ಸರ್ವನಾಮ, ತೆಗೆದುಕೊಳ್ಳು ಎಂಬರ್ಥದ ಕ್ರಿಯಾಪದ, ಆಕಾಶ ಮತ್ತು ಮೊಟ್ಟೆ ಎಂಬರ್ಥದ ನಾಮಪದಗಳು ಎಲ್ಲವೂ ಆ ಕಡೆಯಿಂದ ಬಂದವೇ. ಸೋಜಿಗವೆಂದರೆ ‘ರೇಜ಼್’ ಬರುವ ಹೊತ್ತಿಗೆ ಇಂಗ್ಲಿಷಿನಲ್ಲಿ ಅದೇ ಧಾತುವಿನ, ಅದೇ ಅರ್ಥದ ಸ್ವಂತ ಕ್ರಿಯಾಪದವೊಂದು ಇದ್ದೇ ಇತ್ತು. ಅದು ಇಂದಿನ ‘ರಿಯರ್’. ಎರಡೂ ಒಂದೇ ತಾಯಿಯ ಮಕ್ಕಳು. ಒಂದರಲ್ಲಿ ಹಳೆಯ ಸಕಾರ ಉಳಿಯಿತು, ಇನ್ನೊಂದರಲ್ಲಿ ಅದು ರೇಫವಾಯಿತು. ಇಂಗ್ಲಿಷಿನ ಭೂತಕಾಲದ ‘ವಾಸ್’, ‘ವರ್’ ಎಂಬ ರೂಪಗಳಲ್ಲಿ ಕಾಣುವ ವ್ಯತ್ಯಾಸವೇ ಇದು. ಅತಿಥಿಯಾಗಿ ಬಂದವನು ಮನೆಯ ಕೆಲಸವನ್ನೆಲ್ಲ ವಹಿಸಿಕೊಂಡ. ಮನೆಯ ಮಗ ಮೂಲೆಗೆ ಸರಿದ. ಇಂದು ‘ರಿಯರ್’ ಪದಕ್ಕೆ ಉಳಿದಿರುವುದು ಮಕ್ಕಳನ್ನೂ ಪ್ರಾಣಿಗಳನ್ನೂ ಸಾಕುವ ಕೆಲಸ, ಕುದುರೆ ಹಿಂಗಾಲ ಮೇಲೆ ನಿಲ್ಲುವ ಭಂಗಿ, ಮತ್ತು ಕಾವ್ಯದ ಕೆಲವು ಗಂಭೀರ ಸ್ಥಾನಗಳು. ಮಕ್ಕಳ ವಿಷಯದಲ್ಲಿಯೂ ಅದರ ಹಕ್ಕು ಪೂರ್ತಿಯಾಗಿ ಉಳಿಯಲಿಲ್ಲ. ಜೋಳಕ್ಕೂ ಹಂದಿಗೂ ‘ರೇಜ಼್’, ಮಗುವಿಗೆ ‘ರಿಯರ್’ ಎಂದು ಅಮೆರಿಕದ ಶಾಲಾ ಉಪಾಧ್ಯಾಯರು ಎಷ್ಟು ಕಲಿಸಿದರೂ, ಆ ದೇಶದ ತಾಯಂದಿರು ಮಕ್ಕಳನ್ನು ‘ರೇಜ಼್’ ಮಾಡುತ್ತಲೇ ಬಂದರು. ಕೊನೆಗೆ ಗೆದ್ದವರು ತಾಯಂದಿರು.

‘ರೈಸಾ’ ಪದದ ಮೊದಲ ಅರ್ಥ ಮೇಲಕ್ಕೆತ್ತು ಎಂಬುದಕ್ಕಿಂತ ನೆಟ್ಟಗೆ ನಿಲ್ಲಿಸು ಎಂಬುದು. ಇದಕ್ಕೆ ಕಲ್ಲಿನ ಸಾಕ್ಷ್ಯವೇ ಇದೆ. ಸ್ವೀಡನ್ ದೇಶದಲ್ಲಿ, ಮುಖ್ಯವಾಗಿ ಹನ್ನೊಂದನೆಯ ಶತಮಾನದವು, ರೂನ್ ಲಿಪಿಯ ಶಾಸನಶಿಲೆಗಳು ಬಹಳವಾಗಿ ಉಳಿದಿವೆ. ಸತ್ತ ತಂದೆಯ, ಮಗನ ಅಥವಾ ಒಡನಾಡಿಯ ನೆನಪಿಗಾಗಿ ಇಂಥವನು ಈ ಕಲ್ಲನ್ನು ನಿಲ್ಲಿಸಿದನೆಂಬುದು ಅವುಗಳ ಸಾಮಾನ್ಯ ಒಕ್ಕಣೆ. ಅಲ್ಲಿ ಬರುವ ಕ್ರಿಯಾಪದ ‘ರೈಸಾ’. ಕನ್ನಡನಾಡಿನ ವೀರಗಲ್ಲುಗಳನ್ನು ಓದಿದವರಿಗೆ ಈ ಒಕ್ಕಣೆ ಎಲ್ಲೋ ಕೇಳಿದಂತೆ ತೋರದಿರದು. ತುರುಗೋಳಿನಲ್ಲಿ ಮಡಿದವನಿಗಾಗಿ ಅವನವರು ಕಲ್ಲನ್ನು ನಿಲಿಸಿದರೆಂದು ನಮ್ಮ ಶಾಸನಗಳೂ ಹೇಳುತ್ತವೆ. ಇದು ಸಂಬಂಧವಲ್ಲ, ಸಾಮ್ಯ ಮಾತ್ರ. ಒಂದು ದೇಶದಿಂದ ಇನ್ನೊಂದಕ್ಕೆ ಯಾವ ಹಾದಿಯನ್ನೂ ನಾವು ಕಲ್ಪಿಸುತ್ತಿಲ್ಲ. ಆದರೆ ಎರಡು ಕಡೆಯೂ ಆರಿಸಿಕೊಂಡದ್ದು ಪ್ರೇರಣಾರ್ಥಕ ಕ್ರಿಯಾಪದವನ್ನು ಎಂಬುದು ಗಮನಿಸತಕ್ಕ ವಿಷಯ. ಕಲ್ಲು ತಾನಾಗಿ ನಿಲ್ಲುವುದಿಲ್ಲ; ಬಿದ್ದವನೂ ಇನ್ನು ಏಳುವುದಿಲ್ಲ. ಅವನ ಬದಲಿಗೆ ಕಲ್ಲನ್ನು ಯಾರೋ ನಿಲ್ಲಿಸಬೇಕು, ನಿಲ್ಲಿಸಿದವರು ಯಾರೆಂದೂ ಹೇಳಬೇಕು.

ಮೂಲದ ನೂಲು ಇದೇ. ‘ರೇಜ಼್’ ಎಂಬುದು ‘ರೈಜ಼್’ ಪದದ ಪ್ರೇರಣಾರ್ಥಕ. ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಇನ್ನೂ ಕೆಲವಿವೆ: ಕುಳಿತುಕೊಳ್ಳು ಎಂಬುದರ ಜೋಡಿ ಇರಿಸು, ಮಲಗು ಎಂಬುದರ ಜೋಡಿ ಮಲಗಿಸು, ಬೀಳು ಎಂಬುದರ ಜೋಡಿ ಕಡಿದು ಬೀಳಿಸು. ಸ್ವರವನ್ನು ಬದಲಿಸಿ ಪ್ರೇರಣಾರ್ಥವನ್ನು ಪಡೆಯುವ ಈ ಪದ್ಧತಿ ಆ ಭಾಷೆಯಲ್ಲಿ ಎಂದೋ ಸತ್ತಿದೆ. ಹೊಸ ಜೋಡಿಗಳು ಹುಟ್ಟುವುದಿಲ್ಲ, ಉಳಿದ ಜೋಡಿಗಳ ನಂಟು ಇಂಗ್ಲಿಷರಿಗೇ ಮರೆತಿದೆ. ಕನ್ನಡದಲ್ಲಾದರೆ ಕೇಶಿರಾಜನ ಕಾಲಕ್ಕೂ ನಮ್ಮ ಕಾಲಕ್ಕೂ ‘ಇಸು’ ಪ್ರತ್ಯಯ ಜೀವಂತವಾಗಿದೆ. ಏರು–ಏರಿಸು, ಬೆಳೆ–ಬೆಳೆಸು, ಏಳು–ಎಬ್ಬಿಸು ಎಂಬಲ್ಲಿ ತಾಯಿ ಮಗಳ ಮುಖಸಾಮ್ಯ ಮಕ್ಕಳಿಗೂ ಕಾಣುತ್ತದೆ. ಈ ಒಂದು ವಿಷಯದಲ್ಲಿ ಇಂಗ್ಲಿಷ್ ಪದದ ಒಳಗುಟ್ಟನ್ನು ಅರಿಯಲು ಇಂಗ್ಲಿಷಿನವನಿಗಿಂತ ಕನ್ನಡಿಗನಿಗೆ ಹೆಚ್ಚು ಅನುಕೂಲವಿದೆ ಎಂದರೆ ಅತಿಶಯೋಕ್ತಿಯಾಗದು.

ಮುತ್ತಿಗೆಯ ಪ್ರಶ್ನೆಗೆ ಉತ್ತರ ಈಗ ಸಿಗುತ್ತದೆ. ಮುತ್ತಿಗೆ ಹಾಕಿದ ಸೇನೆ ಕೋಟೆಯ ಸುತ್ತ ಕುಳಿತಿರುತ್ತದೆ. ಆ ಅರ್ಥದ ಇಂಗ್ಲಿಷ್ ನಾಮಪದವೇ ಕುಳಿತುಕೊಳ್ಳುವಿಕೆ ಎಂಬ ಅರ್ಥದ ಫ್ರೆಂಚ್ ಮೂಲದಿಂದ ಬಂದದ್ದು. ಕುಳಿತವರನ್ನು ಏಳುವಂತೆ ಮಾಡಿದರೆ ಮುತ್ತಿಗೆ ಮುಗಿಯಿತು. ಫ್ರೆಂಚರೂ ಮುತ್ತಿಗೆಯನ್ನು ಎತ್ತುತ್ತಾರೆಯೇ ಹೊರತು ತೆಗೆಯುವುದಿಲ್ಲ. ಹಾಗಾದರೆ ‘ಎಬ್ಬಿಸಿದರು’ ಎಂದು ಬರೆದ ವಿದ್ಯಾರ್ಥಿ ತಪ್ಪು ಉತ್ತರವನ್ನು ಬರೆದರೂ ಸರಿಯಾದ ಜಾಗದ ಹತ್ತಿರವೇ ಸುಳಿದಾಡಿದ್ದ. ಅವನು ‘ಮುತ್ತಿಗೆಯವರನ್ನು ಎಬ್ಬಿಸಿದರು’ ಎಂದಿದ್ದರೆ ನಾವು ಅಂಕವನ್ನು ಕಳೆಯುತ್ತಿರಲಿಲ್ಲ.

ನಾವಿಕರ ಒಂದು ಪ್ರಯೋಗವನ್ನೂ ಇಲ್ಲಿಯೇ ಹೇಳಬೇಕು. ದೂರದ ಕಡಲಿನಿಂದ ಹಡಗು ಕರೆಯ ಕಡೆಗೆ ಬರುತ್ತಿರುವಾಗ ದಿಗಂತದ ಆಚೆಯಿಂದ ನೆಲ ಮೇಲಕ್ಕೆ ಬಂದಂತೆ ಕಾಣುತ್ತದೆ. ಆಗ ಹಡಗು ನೆಲವನ್ನು ‘ರೇಜ಼್’ ಮಾಡಿತೆಂದು ಇಂಗ್ಲಿಷ್ ನಾವಿಕ ಹೇಳುತ್ತಾನೆ. ನೆಲ ಎದ್ದದ್ದಿಲ್ಲ, ಹಡಗು ಹತ್ತಿರ ಬಂದದ್ದಷ್ಟೆ. ಆದರೂ ಎದ್ದಂತೆ ತೋರಿದ್ದಕ್ಕೆ ಎಬ್ಬಿಸಿದವನೊಬ್ಬನನ್ನು ಭಾಷೆ ಹುಡುಕಿ ಕೊಟ್ಟಿದೆ. ಏಳುವಿಕೆಯೆಂಬುದು ಎಲ್ಲಿ ಕಂಡರೂ ಅದರ ಹಿಂದೆ ಕರ್ತೃವೊಬ್ಬನನ್ನು ನಿಲ್ಲಿಸುವುದು ಈ ಕ್ರಿಯಾಪದದ ಸ್ವಭಾವ. ರೇಡಿಯೋದಲ್ಲಿ ಕರೆದು ಆಚೆಯವನಿಂದ ಉತ್ತರ ಪಡೆಯುವುದಕ್ಕೂ, ಗಣಿತದಲ್ಲಿ ಒಂದು ಸಂಖ್ಯೆಯನ್ನು ಘಾತಕ್ಕೆ ಏರಿಸುವುದಕ್ಕೂ, ಇಸ್ಪೀಟಿನಲ್ಲಿ ಪಣವನ್ನು ಹೆಚ್ಚಿಸುವುದಕ್ಕೂ ಇದೇ ಪದ ಸಲ್ಲುತ್ತದೆ. ಅವನ್ನು ವಿವರಿಸುತ್ತ ಹೋಗುವುದು ಬೇಡ.

ಇನ್ನು ಕನ್ನಡದ ಕಡೆಗೆ ನೋಡೋಣ. ‘ರೇಜ಼್’ ಪದದ ಮುಂದೆ ನಿಂತ ಕನ್ನಡಿಗನಿಗೆ ಸಾಮಾನ್ಯವಾಗಿ ನಾಲ್ಕು ದಾರಿಗಳು ಕಾಣುತ್ತವೆ: ಎತ್ತು, ಎಬ್ಬಿಸು, ಏರಿಸು, ಬೆಳೆಸು. ಇವುಗಳನ್ನು ನಾವು ಯೋಚಿಸದೆ ಬಳಸುತ್ತೇವೆ, ಬಳಸುವಾಗ ತಪ್ಪುವುದೂ ಇಲ್ಲ. ಆದರೆ ಆಯ್ಕೆಯ ಹಿಂದಿನ ನಿಯಮವೇನೆಂದು ಕೇಳಿದರೆ ತಡವರಿಸುತ್ತೇವೆ. ಮಗುವಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಮಗುವನ್ನು ಎತ್ತಿದೆವೆಂದರೆ ನೆಲದಿಂದ ತೋಳಿಗೆ ತೆಗೆದುಕೊಂಡೆವು, ಎಬ್ಬಿಸಿದೆವೆಂದರೆ ನಿದ್ದೆಯಿಂದ, ಬೆಳೆಸಿದೆವೆಂದರೆ ಇಪ್ಪತ್ತು ವರ್ಷದ ಕೆಲಸ. ಎತ್ತಿಸಿಕೊಳ್ಳುವ ವಸ್ತುವಿಗೆ ಆ ಕ್ಷಣದಲ್ಲಿ ತನ್ನದೆಂಬ ಚಲನೆಯಿಲ್ಲ, ಭಾರವೆಲ್ಲ ಎತ್ತುವವನದು. ಎಬ್ಬಿಸಿಕೊಳ್ಳುವುದು ಏಳಬಲ್ಲದ್ದು, ಈಗ ಮಲಗಿದೆ ಅಷ್ಟೆ. ಎಬ್ಬಿಸುವವನು ಆ ಶಕ್ತಿಯನ್ನು ತಟ್ಟಿ ಬಿಡುತ್ತಾನೆ, ಆಮೇಲಿನದು ಎದ್ದವನ ಕೆಲಸ. ಏರುವುದಕ್ಕೆ ಮೆಟ್ಟಿಲೋ ಅಳತೆಯ ಗೆರೆಯೋ ಬೇಕು. ಆದ್ದರಿಂದ ಬೆಲೆ, ಜ್ವರ, ಪದವಿ, ಬಿಲ್ಲಿನ ಹೆದೆ ಇವೆಲ್ಲ ಏರುವಂಥವು. ಬೆಳೆಯುವುದಕ್ಕೆ ಒಳಗಿನ ಜೀವ ಬೇಕು. ಕೊನೆಯದರಲ್ಲಿ ಕನ್ನಡದ ವಿವೇಕ ಇನ್ನೂ ಸೂಕ್ಷ್ಮವಾಗಿದೆ. ಮಗುವನ್ನು ‘ಬೆಳೆಸುತ್ತೇವೆ’, ಆದರೆ ರೈತ ರಾಗಿಯನ್ನು ‘ಬೆಳೆಯುತ್ತಾನೆ’, ಪ್ರೇರಣೆಯ ಪ್ರತ್ಯಯವೇ ಇಲ್ಲ. ರಾಗಿ ಬೆಳೆಯುವುದೂ ರೈತ ಬೆಳೆಯುವುದೂ ಒಂದೇ ಕ್ರಿಯಾಪದದಲ್ಲಿ ಕೂಡಿಕೊಂಡಿವೆ. ಯಾರು ಯಾರಿಗೆ ಪ್ರೇರಕರೆಂದು ನಮ್ಮ ಹಳ್ಳಿಯ ಭಾಷೆ ಲೆಕ್ಕ ಹಾಕಿಲ್ಲ.

ಈ ನಿಯಮವನ್ನು ಮರೆತರೆ ನಗೆಪಾಟಲಾಗುತ್ತದೆ. ಸತ್ತವರನ್ನು ಬದುಕಿಸುವ ಪವಾಡಕ್ಕೆ ಇಂಗ್ಲಿಷಿನಲ್ಲಿ ‘ರೇಜ಼್’ ಎನ್ನುತ್ತಾರೆ. ಅದನ್ನು ‘ಸತ್ತವರನ್ನು ಎತ್ತಿದನು’ ಎಂದು ಕನ್ನಡಿಸಿದರೆ ಪವಾಡ ಹೋಗಿ ಹೆಣ ಎತ್ತುವ ಕೆಲಸ ಉಳಿಯುತ್ತದೆ. ‘ಎಬ್ಬಿಸಿದನು’ ಎಂದರೇನೇ ಸರಿ; ಸಾವನ್ನು ನಿದ್ರೆಯೆಂದು ಕಂಡ ಧರ್ಮದೃಷ್ಟಿ ಆ ಒಂದು ಪದದಲ್ಲಿ ಉಳಿದುಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ಸೈನ್ಯಕ್ಕೆ ‘ರೇಜ಼್’ ಬಂದಾಗ ‘ದಂಡೆತ್ತಿದನು’ ಎಂದು ಬರೆಯುವವರುಂಟು. ಇಂಗ್ಲಿಷಿನಲ್ಲಿ ಅದರ ಅರ್ಥ ಆಳುಗಳನ್ನು ಕೂಡಿಸಿ ಪಡೆಯನ್ನು ಕಟ್ಟಿದನೆಂದು. ನಮ್ಮಲ್ಲಿ ದಂಡೆತ್ತುವುದೆಂದರೆ ಕಟ್ಟಿದ ಪಡೆಯನ್ನು ಶತ್ರುವಿನ ಮೇಲೆ ನಡೆಸುವುದು. ಪದಗಳು ಹೊಂದಿದರೂ ಒಂದು ಯುದ್ಧದಷ್ಟು ಅಂತರ ಉಳಿಯುತ್ತದೆ. ಸಾಲ, ಚಂದಾ, ದನಿ, ಪ್ರಶ್ನೆ ಇವುಗಳ ವಿಷಯದಲ್ಲಿ ಮಾತ್ರ ಎರಡು ಭಾಷೆಗಳೂ ಜೊತೆಜೊತೆಯಾಗಿ ನಡೆಯುತ್ತವೆ. ನಾವೂ ಸಾಲವನ್ನು ಎತ್ತುತ್ತೇವೆ, ಚಂದಾ ಎತ್ತುತ್ತೇವೆ, ದನಿಯೆತ್ತುತ್ತೇವೆ. ಪ್ರಶ್ನೆಯಲ್ಲಿಯೂ ಕನ್ನಡಕ್ಕೆ ಒಂದು ಹೆಚ್ಚಿನ ಸೌಕರ್ಯವಿದೆ. ಸಭೆಯಲ್ಲಿ ಸದಸ್ಯನೊಬ್ಬ ಬೇಕೆಂದೇ ಪ್ರಶ್ನೆಯನ್ನು ಎತ್ತುತ್ತಾನೆ. ಒಂದು ಗ್ರಂಥವಾದರೋ ತನಗೆ ಬೇಕಿರಲಿ ಬೇಡದಿರಲಿ ಓದುವವನ ಮನಸ್ಸಿನಲ್ಲಿ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ.

ತೆರಿಗೆಯ ವಿಷಯ ಚರಿತ್ರೆಯ ವಿದ್ಯಾರ್ಥಿಗಳಿಗೆ ಮುಖ್ಯವಾದುದು. ಹದಿನೇಳನೆಯ ಶತಮಾನದ ಇಂಗ್ಲಿಷ್ ಬರಹದಲ್ಲಿ ದೊರೆ ತೆರಿಗೆಯನ್ನು ‘ರೇಜ಼್’ ಮಾಡಿದನೆಂದು ಬಂದರೆ ವಸೂಲು ಮಾಡಿದನೆಂದು ಅರ್ಥವಾಗುವುದೇ ಹೆಚ್ಚು. ಇಂದಿನ ವೃತ್ತಪತ್ರಿಕೆಯಲ್ಲಿ ಅದೇ ಮಾತು ಬಂದರೆ ದರವನ್ನು ಹೆಚ್ಚಿಸಿದನೆಂದು. ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ನಡೆದ ಜಗಳದ ಮುಖ್ಯ ಕಾರಣಗಳಲ್ಲಿ ಒಂದು, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಹಣವನ್ನು ವಸೂಲು ಮಾಡುವ ಅಧಿಕಾರ ದೊರೆಗೆ ಉಂಟೇ ಎಂಬುದು. ದರ ಹೆಚ್ಚೋ ಕಡಮೆಯೋ ಎಂಬುದು ಅಲ್ಲಿ ಮೂಲಪ್ರಶ್ನೆಯಲ್ಲ. ‘ತೆರಿಗೆಯನ್ನು ಏರಿಸಿದ’ ಎಂದು ಕನ್ನಡಿಸಿದ ಪಠ್ಯವನ್ನು ಓದಿದ ವಿದ್ಯಾರ್ಥಿ ಸಂವಿಧಾನದ ಜಗಳವನ್ನು ಬೆಲೆಯೇರಿಕೆಯ ಜಗಳವೆಂದು ತಿಳಿದುಕೊಳ್ಳುವನು. ‘ತೆರಿಗೆಯನ್ನು ಎತ್ತಿದ’ ಎಂದರೆ ಈ ಅಪಾಯವಿಲ್ಲ. ಎರಡು ಅಕ್ಷರದ ವ್ಯತ್ಯಾಸದಲ್ಲಿ ಒಂದು ಅಂತರ್ಯುದ್ಧದ ಕಾರಣ ಅಡಗಿದೆ.

ಆ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿನ ಪಕ್ಷದಲ್ಲಿದ್ದು, ಮುಂದೆ ಕಣ್ಣು ಕಳೆದುಕೊಂಡ ಕವಿ ೧೬೬೭ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಪ್ರಕಟಿಸಿದನು. ನಮ್ಮ ಕಾಲೇಜುಗಳಲ್ಲಿ ಅದರ ಮೊದಲ ಎರಡು ಕಾಂಡಗಳನ್ನು ಓದಿಸುವ ರೂಢಿ ಬಹುಕಾಲದಿಂದ ಇದೆ. ಓದಿಸುವಾಗ ಸೈತಾನನ ಭಾಷಣಗಳಿಗೆ ಕೊಡುವ ಗಮನವನ್ನು ಆ ಕಾಂಡಗಳ ಕ್ರಿಯಾಪದಗಳಿಗೆ ನಾವು ಕೊಡುವುದಿಲ್ಲ. ಆ ಎರಡು ಕಾಂಡಗಳು, ನಮ್ಮ ದೃಷ್ಟಿಯಲ್ಲಿ, ಏಳುವುದು ಮತ್ತು ಎಬ್ಬಿಸುವುದು ಎಂಬ ವ್ಯತ್ಯಾಸದ ಮೇಲೆಯೇ ನಿಂತಿವೆ.

ಕಾವ್ಯಾರಂಭದ ಪ್ರಾರ್ಥನೆಯಲ್ಲಿ ಕವಿ, ತನ್ನಲ್ಲಿ ತಗ್ಗಿನಲ್ಲಿರುವುದನ್ನು ‘ರೇಜ಼್’ ಮಾಡಿ ಆಧಾರ ಕೊಡಬೇಕೆಂದು ದಿವ್ಯಚೇತನವನ್ನು ಬೇಡುತ್ತಾನೆ. ತಗ್ಗಿನಲ್ಲಿರುವುದು ತಾನಾಗಿ ಏಳಲಾರದು, ಎತ್ತಿದ ಮೇಲೂ ಹಿಡಿದುಕೊಂಡಿರದಿದ್ದರೆ ನಿಲ್ಲಲಾರದು ಎಂಬುದು ಆ ಎರಡು ಕ್ರಿಯಾಪದಗಳ ಜೋಡಣೆಯ ಅಭಿಪ್ರಾಯ. ಕನ್ನಡದ ‘ಎತ್ತಿ ಹಿಡಿ’ ಎಂಬ ನುಡಿಗಟ್ಟು ಈ ಎರಡನ್ನೂ ಒಟ್ಟಿಗೇ ಹೇಳುತ್ತದೆ. ನ್ಯಾಯಾಲಯದ ತೀರ್ಪುಗಳ ವರದಿಯಲ್ಲಿ ಸವೆದುಹೋದ ನುಡಿಗಟ್ಟು ಅದು. ಇಲ್ಲಿ ಅದಕ್ಕೆ ಹಳೆಯ ಬಲ ಮರಳಿ ಬರುವಂತಿದೆ.

ಕವಿ ಬೇಡಿ ಪಡೆಯಬಯಸಿದ್ದನ್ನು ಸೈತಾನನು ತನ್ನ ಕೈಯಿಂದಲೇ ಮಾಡಿಕೊಳ್ಳಲು ಹೊರಡುತ್ತಾನೆ. ಉರಿಯುವ ಸರೋವರದಲ್ಲಿ ಅವನು ಚಾಚಿ ಬಿದ್ದಿರುವಾಗ, ಸರ್ವಶಾಸಕನ ಅನುಮತಿ ಇಲ್ಲದಿದ್ದರೆ ಅವನು ಅಲ್ಲಿಂದ ಏಳುತ್ತಲೂ ಇರಲಿಲ್ಲ, ತಲೆಯನ್ನು ಮೇಲಕ್ಕೆತ್ತುತ್ತಲೂ ಇರಲಿಲ್ಲ ಎಂದು ಕವಿ ಮೊದಲೇ ಹೇಳಿಬಿಡುತ್ತಾನೆ. ಅಲ್ಲಿನ ಮೊದಲ ಕ್ರಿಯಾಪದ ಅಕರ್ಮಕವಾದ ‘ರೈಜ಼್’. ಹತ್ತು ಪಂಕ್ತಿ ಕಳೆಯುವುದರೊಳಗಾಗಿ ಸೈತಾನನು ತನ್ನ ಮಹಾಗಾತ್ರವನ್ನು ನೆಟ್ಟಗೆ ‘ರಿಯರ್’ ಮಾಡುತ್ತಾನೆ. ಈಗ ಕ್ರಿಯಾಪದ ಸಕರ್ಮಕ. ಕರ್ತೃವೂ ಅವನೇ, ಕರ್ಮವೂ ಅವನ ದೇಹವೇ. ಅವನಿಗೆ ಅನುಮತಿಯ ವಿಷಯ ತಿಳಿಯದು. ತನ್ನನ್ನು ತಾನೇ ಎಬ್ಬಿಸಿಕೊಂಡೆನೆಂದು ಅವನ ನಂಬಿಕೆ. ಇಲ್ಲಿ ಕನ್ನಡದ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಇಂಗ್ಲಿಷಿನಲ್ಲಿಲ್ಲದ ನೆರವನ್ನು ಕೊಡುತ್ತದೆ. ‘ಎದ್ದನು’ ಎಂದು ಕನ್ನಡಿಸಿದರೆ ಹಿಂದಿನ ಕ್ರಿಯಾಪದಕ್ಕೂ ಇದಕ್ಕೂ ಭೇದ ಅಳಿಯುತ್ತದೆ. ‘ತನ್ನನ್ನು ಎತ್ತಿ ನಿಲ್ಲಿಸಿಕೊಂಡನು’ ಎಂದರೆ ಅವನ ಅಹಂಕಾರ ವ್ಯಾಕರಣದಲ್ಲಿಯೇ ಕಾಣಿಸಿಕೊಳ್ಳುತ್ತದೆ. ತನ್ನನ್ನು ತಾನೇ ಉದ್ಧರಿಸಿಕೊಳ್ಳಬೇಕೆಂಬುದು ಗೀತೆಯ ಆರನೆಯ ಅಧ್ಯಾಯದ ಉಪದೇಶವೆಂದು ಬಲ್ಲ ನಮ್ಮ ವಿದ್ಯಾರ್ಥಿಗೆ, ಅದೇ ಆಕಾರದ ಕ್ರಿಯೆ ಮಿಲ್ಟನ್ನನಲ್ಲಿ ಪಾಪದ ಗುರುತಾಗುವುದು ವಿಚಿತ್ರವೆನಿಸಬಹುದು. ಆ ವಿಚಿತ್ರವನ್ನು ಮುಚ್ಚಬಾರದು, ತರಗತಿಯಲ್ಲಿ ಚರ್ಚಿಸಬೇಕು.

ಮೊದಲನೆಯ ಕಾಂಡದ ಕೊನೆಗೆ ನರಕದ ರಾಜಧಾನಿ ಮೂಡುವಾಗ ಕವಿ ಮತ್ತೆ ‘ರೈಜ಼್’ ಪದದ ಭೂತರೂಪಕ್ಕೆ ಬರುತ್ತಾನೆ. ಚಿನ್ನವನ್ನು ಅಗೆದವರು, ಕರಗಿಸಿದವರು, ಅಚ್ಚಿಗೆ ಹೊಯ್ದವರು ಎಲ್ಲರನ್ನೂ ವಿವರವಾಗಿ ತೋರಿಸಿ, ಕಟ್ಟಡದ ಮಾತು ಬಂದಾಗ ಮಾತ್ರ ಅದು ಆವಿಯಂತೆ ತಾನಾಗಿ ಎದ್ದಿತೆನ್ನುತ್ತಾನೆ. ಎಬ್ಬಿಸಿದವರ ಹೆಸರಿಲ್ಲ. ಆವಿಯಂತೆ ಎದ್ದದ್ದು ಆವಿಯಂತೆ ಅಳಿಯುವುದೆಂಬ ಸೂಚನೆ ಅಲ್ಲಿದೆಯೆಂದು ನಮಗೆ ತೋರುತ್ತದೆ. ‘ಅರಮನೆಯನ್ನು ಎಬ್ಬಿಸಿದರು’ ಎಂದು ಬರೆದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ, ಕಾವ್ಯ ಮಾತ್ರ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟವಾದ ಸ್ಥಳ ಎರಡನೆಯ ಕಾಂಡದ ಆರಂಭ. ಸೈತಾನನು ಸಿಂಹಾಸನದ ಮೇಲೆ ಕುಳಿತಿದ್ದಾನೆ. ಅದರ ವೈಭವವನ್ನು ಹೇಳಲು ಕವಿ ಓರ್ಮಜ಼್ ಮತ್ತು ನಮ್ಮ ಹಿಂದೂದೇಶದ ಐಶ್ವರ್ಯವನ್ನು ನೆನೆಯುತ್ತಾನೆ. ಸೈತಾನನಿಗೆ ಅಲ್ಲಿ ಮೂರು ವಿಶೇಷಣಗಳು ಒಂದರ ಹಿಂದೊಂದು ಬರುತ್ತವೆ: ಉನ್ನತನಾದವನು, ಅರ್ಹತೆಯಿಂದ ಆ ಕೆಟ್ಟ ಎತ್ತರಕ್ಕೆ ‘ರೇಜ಼್’ ಆದವನು, ಹತಾಶೆಯಿಂದ ಮೇಲಕ್ಕೆ ಎತ್ತಲಾದವನು. ಮೂರೂ ಕರ್ಮಣಿ ಕೃದಂತಗಳು. ಮೂರರಲ್ಲಿಯೂ ಮಾಡಿದವನು ತೆರೆಯ ಹಿಂದೆ. ಇವುಗಳ ನಂ­ತರ ಇನ್ನೂ ಮೇಲಕ್ಕೆ ಹಂಬಲಿಸುವನೆಂಬ ಒಂದು ಕರ್ತರಿ ಕ್ರಿಯಾಪದ. ಇತರರಿಂದ ಎತ್ತಿಸಿಕೊಂಡವನು ಸ್ವಂತವಾಗಿ ಮಾಡಿದ್ದು ಹಂಬಲಿಕೆಯೊಂದನ್ನೇ. ‘ಅರ್ಹತೆಯಿಂದ’ ಎಂಬ ಮಾತಿನಲ್ಲಿಯೂ ಇಬ್ಬಗೆಯಿದೆ: ಅರ್ಹತೆ ಅವನನ್ನು ಏರಿಸಿದ ಕರ್ತೃವೇ, ಅಥವಾ ಬೇರೊಬ್ಬನು ಏರಿಸುವುದಕ್ಕೆ ಅದು ಕಾರಣ ಮಾತ್ರವೇ? ಮೂರನೆಯ ಕಾಂಡದಲ್ಲಿ ದೇವಪುತ್ರನ ಹಿರಿಮೆಯನ್ನು ಹೇಳುವಾಗ, ಹುಟ್ಟಿಗಿಂತ ಹೆಚ್ಚಾಗಿ ಅರ್ಹತೆಯಿಂದ ಅವನು ಪುತ್ರನೆಂದು ಅದೇ ಮಾತು ಮರಳಿ ಬರುವುದನ್ನು ವಿಮರ್ಶಕರು ಗುರುತಿಸಿದ್ದಾರೆ. ಆ ಪುತ್ರನೇ ತನ್ನ ಪುನರುತ್ಥಾನವನ್ನು ಹೇಳಿಕೊಳ್ಳುವಾಗ ಬಳಸುವುದು ‘ರೈಜ಼್’ ಪದವನ್ನು. ಎತ್ತಿಸಿಕೊಳ್ಳದೆ ನಿಜವಾಗಿ ಏಳಬಲ್ಲವನು ಕಾವ್ಯದಲ್ಲಿ ಅವನು.

ಮಿಲ್ಟನ್ನನು ತನಗರಿವಿಲ್ಲದೆ ಸೈತಾನನ ಪಕ್ಷದವನಾಗಿದ್ದನೆಂದು ಬ್ಲೇಕ್ ಕವಿ ಹೇಳಿದ ಮಾತು ಪ್ರಸಿದ್ಧವಾಗಿದೆ, ಸಿ. ಎಸ್. ಲೂಯಿಸ್ ೧೯೪೨ರಲ್ಲಿಯೂ ವಿಲಿಯಂ ಎಂಪ್ಸನ್ ೧೯೬೧ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ವಿಷಯದಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಆ ವಾದವನ್ನು ತೀರಿಸುವ ಶಕ್ತಿ ಒಂದು ಕ್ರಿಯಾಪದಕ್ಕಿದೆಯೆಂದು ನಾವು ಹೇಳಲಾರೆವು. ಆದರೆ ಕನ್ನಡದ ಭಾಷಾಂತರಕಾರನು ತನಗೆ ತಿಳಿಯದೆಯೇ ಆ ವಾದದಲ್ಲಿ ಪಕ್ಷ ಹಿಡಿದುಬಿಡುತ್ತಾನೆ ಎಂಬುದನ್ನು ಹೇಳಬಲ್ಲೆವು. ‘ಅರ್ಹತೆಯಿಂದ ಏರಿದ’ ಎಂದು ಬರೆದರೆ ಸೈತಾನನು ಸ್ವಂತ ಕಾಲಿನಿಂದ ಮೆಟ್ಟಿಲು ಹತ್ತಿದ, ಬ್ಲೇಕ್ ಗೆದ್ದ. ನಮ್ಮ ವಿದ್ಯಾರ್ಥಿಗಳು ಬರೆಯುವುದು ಬಹುಮಟ್ಟಿಗೆ ಹೀಗೆಯೇ, ಏಕೆಂದರೆ ಅದು ಸಹಜವಾದ ಕನ್ನಡ. ‘ಏರಿಸಲ್ಪಟ್ಟ’ ಎಂದು ಬರೆದರೆ ಅರ್ಥ ನಿಲ್ಲುತ್ತದೆ, ಆದರೆ ಕಿವಿ ಒಪ್ಪುವುದಿಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದೆಂದು ನಾವೇ ವರ್ಷವರ್ಷವೂ ಪಾಠ ಹೇಳುತ್ತೇವಷ್ಟೆ. ‘ಅರ್ಹತೆಯೇ ಅವನನ್ನು ಏರಿಸಿತ್ತು’ ಎಂಬ ಮೂರನೆಯ ದಾರಿಯೊಂದಿದೆ. ಇದು ಕನ್ನಡವಾಗಿಯೂ ಇದೆ, ಪ್ರೇರಣಾರ್ಥವನ್ನು ಉಳಿಸಿಕೊಂಡೂ ಇದೆ. ಆದರೆ ಅರ್ಹತೆಗೆ ಕರ್ತೃಪದವಿಯನ್ನು ಕೊಟ್ಟು, ಮೂಲದಲ್ಲಿ ತೆರೆದಿಟ್ಟ ಬಾಗಿಲನ್ನು ಮುಚ್ಚುತ್ತದೆ. ಮೂರರಲ್ಲಿ ಒಂದನ್ನು ಆರಿಸಬೇಕೆಂದರೆ ನಾವು ಮೂರನೆಯದನ್ನು ಆರಿಸುತ್ತೇವೆ. ಸೈತಾನನ ಬದಲು ಅವನ ಗುಣವನ್ನು ಕರ್ತೃವಾಗಿಸುವುದರಿಂದ ಅವನು ಕರ್ಮವಾಗಿಯೇ ಉಳಿಯುತ್ತಾನೆ. ಕಾವ್ಯದ ಮುಖ್ಯಾಭಿಪ್ರಾಯಕ್ಕೆ ಅಷ್ಟು ಸಾಕು. ‘ಎಬ್ಬಿಸು’ ಇಲ್ಲಿ ಸಲ್ಲದು. ‘ಎತ್ತು’ ಕೂಡ ಸಲ್ಲದು, ಅದನ್ನು ಕಾವ್ಯಾರಂಭದ ಪ್ರಾರ್ಥನೆಗೆ ಮೀಸಲಿಡಬೇಕು. ಇಂಗ್ಲಿಷ್ ಓದುಗನು ಎರಡು ಕಡೆಯೂ ಒಂದೇ ಪದವನ್ನು ಕೇಳಿ ಕವಿಯ ಬೇಡಿಕೆಯನ್ನೂ ಸೈತಾನನ ಸಿಂಹಾಸನವನ್ನೂ ಹೋಲಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಆ ಪ್ರತಿಧ್ವನಿಯನ್ನು ಕಳೆದುಕೊಳ್ಳುತ್ತೇವೆ. ಇದು ನಷ್ಟವೇ ಸರಿ.

ಮಿಲ್ಟನ್ನನು ದಿವ್ಯಚೇತನವನ್ನು ಬೇಡಿದ ಕ್ರಿಯಾಪದದಿಂದಲೇ ಮುಂದೆ ವರ್ಡ್ಸ್‌ವರ್ತ್ ಕವಿ ಮಿಲ್ಟನ್ನನನ್ನು ಬೇಡಿದನು. ೧೮೦೨ರಲ್ಲಿ ಬರೆದು ೧೮೦೭ರಲ್ಲಿ ಅಚ್ಚಾದ ಲಂಡನ್ನನ್ನು ಕುರಿತ ಸುನೀತದಲ್ಲಿ, ಮರಳಿ ಬಂದು ನಮ್ಮನ್ನು ‘ರೇಜ಼್’ ಮಾಡಬೇಕೆಂಬ ಪ್ರಾರ್ಥನೆಯಿದೆ. ತರಗತಿಗಳಲ್ಲಿ ಇದಕ್ಕೆ ‘ಎಬ್ಬಿಸು’ ಎಂದೋ ‘ಉದ್ಧರಿಸು’ ಎಂದೋ ಅರ್ಥ ಹೇಳುವುದು ವಾಡಿಕೆ. ದೇಶ ನಿದ್ರಿಸುತ್ತಿದೆಯೆಂದು ಕವಿ ಹೇಳಿದ್ದರೆ ‘ಎಬ್ಬಿಸು’ ಸರಿಯಾಗುತ್ತಿತ್ತು. ಅವನು ಹೇಳಿದ್ದು ಇಂಗ್ಲೆಂಡ್ ನಿಂತ ನೀರಿನ ಜೌಗಾಗಿದೆಯೆಂದು. ‘ಉದ್ಧರಿಸು’ ಎಂಬುದರ ಮೂಲಾರ್ಥ ಮೇಲಕ್ಕೆ ಸೆಳೆದುಕೊಳ್ಳು ಎಂಬುದೇ ಆದರೂ, ಕನ್ನಡದ ಮನೆಮಾತಿನಲ್ಲಿ ‘ಉದ್ಧಾರವಾದ ಹಾಗೆಯೇ’ ಎಂದು ಗದರಿಸುವುದಕ್ಕೆ ಬಳಸಿ ಬಳಸಿ ಆ ಚಿತ್ರ ಮಾಸಿಹೋಗಿದೆ. ಕೆಸರಿನಲ್ಲಿ ಹೂತವನನ್ನು ಕೂಗಿ ಎಬ್ಬಿಸುವುದರಿಂದ ಪ್ರಯೋಜನವಿಲ್ಲ. ಬಾಗಿ, ಕೈ ಕೊಟ್ಟು, ಅವನ ಭಾರವನ್ನು ಹೊತ್ತು ಎತ್ತಬೇಕು. ಇನ್ನು ಮುಂದೆ ಆ ಸುನೀತವನ್ನು ಓದಿಸುವಾಗ ನಾವು ‘ಎತ್ತು’ ಎಂದೇ ಹೇಳುವವರಿದ್ದೇವೆ.